ಎರಡು ಮರ ಸೇರಿದರೆ ತೋಪು

ಒತ್ತಕ್ಷರ ಅಂದ್ರೆ ಅಳುತ್ತಿದ್ದ ಅಕ್ಕನ ಮಗಳಿಗೆ ರಜೆಯಲ್ಲಿ ಚೀನೀ ಅಕ್ಷರ ತೋರಿಸಿದೆ! ಮಧುರೆಯ ಮನೇಲಿದ್ದ ಹಳೇ ಲಗ್ನಪತ್ರಿಕೆಗಳನ್ನೇ ಕತ್ತರಿಸಿ ಕಾರ್ಡ್ ಮಾಡಿದ್ವಿ.

ಮೊದಲನೆಯದು ಮರ, ಉಚ್ಚಾರ 'ಮು': ನಿಂತ ಗೀಟು ಕಾಂಡ, ಅಡ್ಡಗೀಟು ಕೊಂಬೆ, ಕೆಳಗೆ ಎರಡು ಓರೆಗೀಟು ಬೇರು. ಎರಡು ಮರ ಪಕ್ಕಪಕ್ಕ ಇಟ್ಟರೆ 'ಲಿನ್', ಅಂದ್ರೆ ತೋಪು. ಮೇಲೊಂದು ಇಟ್ಟರೆ 'ಸೆನ್', ದಟ್ಟ ಕಾಡು.

ಎಲ್ಲವೂ ಹೀಗೆ ಬರೀ ಚಿತ್ರವಲ್ಲ. ಬಹುಪಾಲು ಅಕ್ಷರಗಳಲ್ಲಿ ಒಂದು ಭಾಗ ಅರ್ಥದ ಸುಳಿವು, ಇನ್ನೊಂದು ಉಚ್ಚಾರದ್ದು. 'ಹೆಣ್ಣು' ಕಾರ್ಡಿನ ಪಕ್ಕ 'ಮಾ' ಎಂಬ ಕುದುರೆ ಇಟ್ಟರೆ 'ಮಾ', ಅಂದ್ರೆ ಅಮ್ಮ. ಇಲ್ಲಿ ಕುದುರೆ ಕೊಟ್ಟಿದ್ದು ಬರೀ ಸದ್ದು.

ನಮ್ಮ ಸರ್ಕಾರಿ ಶಾಲೆಗಳ 'ನಲಿಕಲಿ'ಯಲ್ಲೂ ಕಾರ್ಡುಗಳೇ ಪಾಠ. ಬಿಡಿಭಾಗ ಕೈಗೆ ಸಿಕ್ಕರೆ ಭಯ ಹೋಗುತ್ತೆ. ಸಂಜೆ ಅವಳೇ 'ಅ', 'ಕ', ಒಂದು ಕ-ಒತ್ತು ಕತ್ತರಿಸಿ ಜೋಡಿಸಿದಳು: 'ಅಕ್ಕ'.