ತಕರಾರು ತೆಗೆಯುವ ಲಿಂಟಿಯನ್

ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯ 12ನೇ ಆವೃತ್ತಿ 2023ರ ಜೂನ್‌ನಲ್ಲಿ ಬಂದಾಗ ಅದರಲ್ಲಿ 64 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿದ್ದವು. ಬ್ರೌಸರ್ ಒಂದು ಪ್ಯಾಕೇಜು, ಕ್ಯಾಲ್ಕುಲೇಟರ್ ಒಂದು ಪ್ಯಾಕೇಜು. ‘ಗುಬ್ಬಿ’, ‘ನವಿಲು’ ಎಂಬ ನಮ್ಮ ಕನ್ನಡ ಫಾಂಟುಗಳೂ ಒಂದೊಂದು ಪ್ಯಾಕೇಜು. ಕಟ್ಟುವವರು ದೇಶ ದೇಶಗಳಲ್ಲಿ ಹಂಚಿಹೋದ ಸ್ವಯಂಸೇವಕರು. ಮುಖ ನೋಡದವರೆಲ್ಲ ಸೇರಿ ಮಾಡಿದ ಕೆಲಸ ಒಂದೇ ಹದಕ್ಕೆ ಬರುವುದು ಹೇಗೆ? ದೇವರಮನೆ ಗುಡ್ಡದ ಕೆಳಗೆ, ಗುತ್ತಿ ಕಡೆಯ ತೋಟದ ಮನೆಯಲ್ಲಿ ಕೂತು ಸಾಫ್ಟ್‌ವೇರ್ ಕೆಲಸ ಮಾಡುವ ನನಗೆ ಇದು ಬೈಸಿಕೊಂಡೇ ಗೊತ್ತಾದದ್ದು. ಬೈಯುವವನ ಹೆಸರು ಲಿಂಟಿಯನ್.

1998ರಲ್ಲಿ ಕ್ರಿಶ್ಚಿಯನ್ ಶ್ವಾರ್ಜ್ ಮತ್ತು ರಿಚರ್ಡ್ ಬ್ರಾಕ್‌ಮನ್ ಇದನ್ನು ಪರ್ಲ್ ಭಾಷೆಯಲ್ಲಿ ಬರೆದರು. ಸಿ ಭಾಷೆಯ ಪ್ರೋಗ್ರಾಮುಗಳ ಲೋಪ ಹುಡುಕಲು ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ 1978ರ ಸುಮಾರಿಗೆ ಮಾಡಿದ ‘ಲಿಂಟ್’ ಇದರ ಹಿರಿಯಣ್ಣ. ಪ್ಯಾಕೇಜನ್ನು ಲಿಂಟಿಯನ್ ಓಡಿಸುವುದಿಲ್ಲ, ಬಿಚ್ಚಿ ನೋಡುತ್ತದೆ ಅಷ್ಟೆ. ಲೈಸೆನ್ಸ್ ವಿವರ ಇದೆಯೇ, ಫೈಲುಗಳು ಇರಬೇಕಾದಲ್ಲಿ ಇವೆಯೇ, ಕಮಾಂಡಿಗೆ ಕೈಪಿಡಿ ಬರೆದಿದ್ದಾರೆಯೇ, ವಿವರಣೆಯಲ್ಲಿ ಕಾಗುಣಿತ ಕೆಟ್ಟಿದೆಯೇ ಎಂದು ಸಾವಿರಕ್ಕೂ ಮೀರಿದ ತಕರಾರುಗಳು ಅದರ ಚೀಲದಲ್ಲಿವೆ. ಕೆಲವು ಬರೀ ಸಲಹೆ, ಕೆಲವು ಎಚ್ಚರಿಕೆ, ಕೆಲವು ನೇರ ತಪ್ಪು. ಗಂಭೀರ ತಪ್ಪು ಕೆಲವು ಇವೆ. ಅವು ಕಂಡರೆ ಪ್ಯಾಕೇಜನ್ನು ಒಳಗೇ ಬಿಡಬಾರದು ಎಂದು ಡೆಬಿಯನ್ 2009ರಲ್ಲಿ ನಿಯಮ ಮಾಡಿತು.

“ದಿನಾ ಆ ಕಂಪ್ಯೂಟರ್ ಮುಂದೆ ಕೂತು ಮಾಡೋದೆಂತದು ಮಾರಾಯ?” ಎಂದು ಚಿಕ್ಕಪ್ಪ ಒಮ್ಮೆ ಕೇಳಿದರು. ಕಾಫಿ ಚೆರ್ರಿ ಮೂಟೆ ಒಯ್ದಾಗ ವ್ಯಾಪಾರಿ ಮಾಯಿಶ್ಚರ್ ಮೀಟರ್ ಇಡುತ್ತಾನಲ್ಲ, ಅಂಥದೊಂದು ಮೀಟರು ನಮ್ಮಲ್ಲೂ ಇದೆ ಎಂದೆ. ಅವರಿಗೆ ಮೀಟರೆಂದರೇ ಆಗದು. “ಮೀಟರೇ ಸುಳ್ಳು ಹೇಳಿದ್ರೆ?”

ಕೇಳಬೇಕಾದ ಪ್ರಶ್ನೆ ಅದೇ. ತಪ್ಪು ಹುಡುಕುವ ಸಾಧನ ಹಾಳಾಗುವುದು ತಪ್ಪನ್ನು ಬಿಟ್ಟಾಗ ಮಾತ್ರವಲ್ಲ, ಸರಿಯಿದ್ದದ್ದನ್ನು ತಪ್ಪೆಂದಾಗಲೂ. ಎರಡನೆಯದೇ ಹೆಚ್ಚು ಅಪಾಯ ಎಂದು ನನಗನ್ನಿಸುತ್ತದೆ. ಲಿಂಟಿಯನ್ ಪ್ರೋಗ್ರಾಮಿನೊಳಗಿನ ಅಕ್ಷರಗಳನ್ನೂ ಓದಿ ಇಂಗ್ಲಿಷ್ ಕಾಗುಣಿತ ತಿದ್ದುತ್ತದೆ. ಯಂತ್ರಸಂಕೇತದಲ್ಲಿ ಟಿ, ಇ, ಎಚ್ ಅಕಸ್ಮಾತ್ ಒಂದರ ಪಕ್ಕ ಒಂದು ಬಂದರೆ ಅದನ್ನು ಕಾಗುಣಿತ ಕೆಟ್ಟ ‘ದಿ’ (the) ಎಂದುಕೊಂಡೀತು. ಇಂಥ ಹತ್ತು ಸುಳ್ಳು ದೂರು ಓದಿದವನು ಹನ್ನೊಂದನೆಯ ನಿಜವಾದದ್ದನ್ನೂ ಓದದೆ ಮುಂದೆ ಹೋಗುತ್ತಾನೆ.

ಹಾಗಾಗಿ ಲಿಂಟಿಯನ್ ನೋಡಿಕೊಳ್ಳುವವರ ಕೆಲಸ ಹೊಸ ತಕರಾರು ಸೇರಿಸುವುದಷ್ಟೇ ಅಲ್ಲ, ಹಳೆಯದರ ಬಾಯಿ ಹದ ಮಾಡುವುದೂ ಹೌದು. ಡೆಬಿಯನ್ನಿನ ನಿಯಮಗಳು ಬದಲಾಗುತ್ತಿರುತ್ತವೆ; ನಿನ್ನೆ ಕಡ್ಡಾಯವಾಗಿದ್ದದ್ದು ಇವತ್ತು ಬೇಡ. ಹೊಸ ಪರೀಕ್ಷೆಯನ್ನು ಮೊದಲು ‘ಪ್ರಾಯೋಗಿಕ’ ಎಂದು ಗುರುತು ಹಾಕಿ ಬಿಡುವ ಪದ್ಧತಿಯಿದೆ. ಲಿಂಟಿಯನ್ನಿನ ಜೊತೆಗೇ ಬೇಕೆಂದು ಕೆಡಿಸಿದ ಪುಟ್ಟ ಪುಟ್ಟ ಪ್ಯಾಕೇಜುಗಳ ಒಂದು ರಾಶಿ ಇದೆ. ಕೋಡಿನಲ್ಲಿ ಏನು ತಿದ್ದಿದರೂ ಈ ರಾಶಿಯ ಮೇಲೆ ಓಡಿಸಬೇಕು. ಹಿಡಿಯಬೇಕಾದ್ದನ್ನು ಹಿಡಿಯಿತೇ, ಬಿಡಬೇಕಾದ್ದನ್ನು ಬಿಟ್ಟಿತೇ? ಚಿಕ್ಕಪ್ಪನ ಪ್ರಶ್ನೆಗೆ ಉತ್ತರ ಈ ಕೆಟ್ಟ ಪ್ಯಾಕೇಜುಗಳು.

ದೂರು ಒಪ್ಪದಿದ್ದರೆ ಪ್ಯಾಕೇಜು ಕಟ್ಟುವವನು ‘ಓವರ್‌ರೈಡ್’ ಫೈಲಿನಲ್ಲಿ ಒಂದು ಸಾಲು ಬರೆದು ಅದನ್ನು ಸುಮ್ಮನಾಗಿಸಬಹುದು. ಪಕ್ಕದಲ್ಲಿ ಕಾರಣ ಬರೆಯುವುದು ಮರ್ಯಾದೆ. ಕಾರಣ ಬರೆಯದ ಓವರ್‌ರೈಡ್ ಕಂಡರೆ ನನಗೆ ಗುಮಾನಿ.

ಅರ್ಥ ಮಾಡಿಕೊಳ್ಳದೆ ದೂರನ್ನು ಅಡಗಿಸಿದರೆ ಏನಾಗುತ್ತದೆ ಎಂಬುದನ್ನು ಡೆಬಿಯನ್ ದುಬಾರಿಯಾಗಿ ಕಲಿತಿದೆ. 2006ರಲ್ಲಿ ವ್ಯಾಲ್‌ಗ್ರೈಂಡ್ ಎಂಬ ಬೇರೊಂದು ತಪಾಸಣೆ ಸಾಧನ ಓಪನ್‌ಎಸ್‌ಎಸ್‌ಎಲ್‌ನ ಬಗ್ಗೆ ಎಚ್ಚರಿಕೆ ಕೊಟ್ಟಿತು. ರಹಸ್ಯ ಕೀಲಿಗಳನ್ನು ತಯಾರಿಸುವ ತಂತ್ರಾಂಶ ಅದು. ಎಚ್ಚರಿಕೆ ನಿಲ್ಲಲೆಂದು ಸಾಲುಗಳನ್ನು ತೆಗೆದರು, ಎಚ್ಚರಿಕೆ ನಿಂತಿತು. ಜೊತೆಗೆ, ಕೀಲಿಯನ್ನು ಊಹಿಸಲಾಗದಂತೆ ಮಾಡುತ್ತಿದ್ದ ಬೆರಕೆಯೂ ಹೋಯಿತು. ಉಳಿದದ್ದು ಓಡುತ್ತಿರುವ ಪ್ರೋಗ್ರಾಮಿಗೆ ವ್ಯವಸ್ಥೆ ಕೊಡುವ ಕ್ರಮಸಂಖ್ಯೆ ಮಾತ್ರ, ಅದು ಹೆಚ್ಚೆಂದರೆ 32,768. ಒಂದೊಂದೇ ಹಾಕಿ ನೋಡಿದರೂ ಬೀಗ ತೆರೆದೀತು! ಲೂಸಿಯಾನೊ ಬೆಲ್ಲೊ ಇದನ್ನು ಪತ್ತೆ ಮಾಡಿದರು. 2008ರ ಮೇ 13ರಂದು ಪ್ರಕಟಣೆ ಬಂತು. ಆ ಎರಡು ವರ್ಷಗಳಲ್ಲಿ ಡೆಬಿಯನ್ ಮತ್ತು ಅದನ್ನೇ ಆಧರಿಸಿದ ಉಬುಂಟು ಯಂತ್ರಗಳಲ್ಲಿ ಈ ತಂತ್ರಾಂಶದಿಂದ ಹುಟ್ಟಿದ ಕೀಲಿಗಳನ್ನೆಲ್ಲ ಎಸೆದು ಹೊಸದು ಮಾಡಬೇಕಾಯಿತು. ವ್ಯಾಲ್‌ಗ್ರೈಂಡ್ ಸುಳ್ಳು ಹೇಳಿರಲಿಲ್ಲ.

ಕನ್ನಡಕ್ಕೆ ಲಿಂಟಿಯನ್ನಿನಿಂದ ಏನು ಉಪಯೋಗ? ಪ್ಯಾಕೇಜಿನ ಬರಹ ಯೂನಿಕೋಡಿನ ಯುಟಿಎಫ್-8ರಲ್ಲಿ ಇಲ್ಲದಿದ್ದರೆ ಅದು ಗದರುತ್ತದೆ. ಒಂದು ತಂತ್ರಾಂಶದಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ತೆರೆದರೆ ಗೀಟು ಗೆರೆಗಳಾಗುತ್ತಿದ್ದ ಕಾಲ ನೋಡಿದವರಿಗೆ ಇದರ ಬೆಲೆ ಗೊತ್ತು. ಮೂಡಿಗೆರೆಯ ‘ನಿರುತ್ತರ’ ಮನೆಯಲ್ಲಿದ್ದ ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶಕ್ಕಾಗಿ ಹಟ ಹಿಡಿದದ್ದೂ ಆ ಕಾಲದಲ್ಲೇ. ಫಾಂಟು ಸರಿಯಾದ ಪ್ಯಾಕೇಜಿನಲ್ಲಿದೆಯೇ, ಅದೇ ಫಾಂಟಿನ ಇನ್ನೊಂದು ನಕಲು ಸುಮ್ಮನೆ ಸೇರಿಕೊಂಡಿದೆಯೇ ಎಂದೂ ಲಿಂಟಿಯನ್ ನೋಡುತ್ತದೆ. ಆದರೆ ಅರ್ಕಾವೊತ್ತು ಎಲ್ಲಿ ಕೂತಿದೆ, ಒತ್ತಿನ ಕೆಳಗಿನ ಒತ್ತು ಕೆಳಸಾಲಿಗೆ ತಾಗುತ್ತದೆಯೇ ಎಂದು ಅದಕ್ಕೆ ತಿಳಿಯದು. ಅದನ್ನು ನೋಡಲು ಕನ್ನಡ ಓದುವ ಕಣ್ಣು ಬೇಕು, ಜೊತೆಗೆ ಫಾಂಟನ್ನು ಪೇಚಿಗೆ ಸಿಲುಕಿಸುವ ಪದಗಳ ಪಟ್ಟಿ ಬೇಕು. ನಾನು ಒಂದು ಪಟ್ಟಿ ಮಾಡಿಕೊಂಡಿದ್ದೇನೆ: ಸ್ತ್ರೀ, ರಾಷ್ಟ್ರೀಯ, ಅರ್ಘ್ಯ, ವೈಶಿಷ್ಟ್ಯ, ಕಾರ್ತ್ಸ್ನ್ಯ. ಇದಕ್ಕಿಂತ ತರಲೆ ಪದ ಗೊತ್ತಿದ್ದವರು ಸೇರಿಸಿ.