ಕಳಚಿ ಬಿದ್ದ ಹಲ್ಲನ್ನು ಎಸೆಯಬೇಡಿ

ಆಟದಲ್ಲಿ ಎಡವಿ, ಸೈಕಲ್ಲಿನಿಂದ ಉರುಳಿ ಅಥವಾ ಕ್ರಿಕೆಟ್ ಚೆಂಡು ತಗುಲಿ ಮಕ್ಕಳ ಬಾಯಿಗೆ ಪೆಟ್ಟಾಗುವುದುಂಟು. ಆಗ ಹೆಚ್ಚಾಗಿ ಘಾಸಿಗೊಳ್ಳುವುದು ಮೇಲ್ದವಡೆಯ ಬಾಚಿಹಲ್ಲುಗಳು. ಬಿದ್ದ ಹಾಲುಹಲ್ಲನ್ನು ಮಾಡಿನ ಮೇಲೆ ಎಸೆಯುವ ರೂಢಿ ಅನೇಕ ಮನೆಗಳಲ್ಲಿದೆ. ಆದರೆ ಪೆಟ್ಟಿನಿಂದ ಬೇರುಸಹಿತ ಕಳಚಿದ ಶಾಶ್ವತ ಹಲ್ಲನ್ನು ಎಸೆಯಬಾರದು. ಅದನ್ನು ಮರಳಿ ಅದರ ಗೂಡಿನಲ್ಲಿ ಕೂರಿಸಲು ಸಾಧ್ಯವಿದೆ.

ಬೇರನ್ನು ದವಡೆಯ ಎಲುಬಿಗೆ ಬಂಧಿಸುವ ತಂತುಗಳಲ್ಲಿ ಜೀವಕೋಶಗಳಿರುತ್ತವೆ. ಹಲ್ಲು ಒಣಗಿದಂತೆ ಅವು ಸಾಯತೊಡಗುತ್ತವೆ. 15 ನಿಮಿಷಗಳೊಳಗೆ ಹಲ್ಲನ್ನು ಕೂರಿಸಿದರೆ ಅವು ಬಹುಮಟ್ಟಿಗೆ ಉಳಿಯುತ್ತವೆ. ಒಂದು ಗಂಟೆ ಒಣಗಿದರೆ ಉಳಿಯಲಾರವು. ಆದ್ದರಿಂದ ಹಲ್ಲಿನ ಅಳಿವು-ಉಳಿವು ಸ್ಥಳದಲ್ಲಿರುವ ಪಾಲಕರು ಹಾಗೂ ಶಿಕ್ಷಕರ ಕೈಯಲ್ಲಿದೆ.

ತಕ್ಷಣ ಮಾಡಬೇಕಾದುದು

ಪ್ರಜ್ಞೆ ತಪ್ಪುವುದು, ವಾಂತಿ, ಉಸಿರಾಟದ ತೊಂದರೆ ಅಥವಾ ನಿಲ್ಲದ ರಕ್ತಸ್ರಾವ ಕಂಡುಬಂದರೆ ಮೊದಲು ಆಸ್ಪತ್ರೆಗೆ ಒಯ್ಯಬೇಕು. ತುಟಿಯ ಗಾಯವನ್ನು ಶುಭ್ರ ಬಟ್ಟೆಯಿಂದ 10 ನಿಮಿಷ ಒತ್ತಿ ಹಿಡಿಯಬೇಕು.

ಕಳಚಿದ ಹಲ್ಲನ್ನು ಬಿಳಿಯ ಭಾಗದಲ್ಲಿಯೇ ಹಿಡಿಯಬೇಕು. ಬೇರನ್ನು ಮುಟ್ಟಬಾರದು, ಉಜ್ಜಬಾರದು. ಮಣ್ಣಾಗಿದ್ದರೆ ಹಾಲಿನಲ್ಲಿ ಅಥವಾ ತಣ್ಣೀರಿನಲ್ಲಿ ಕೆಲವೇ ಕ್ಷಣ ತೊಳೆದು, ಸರಿಯಾದ ದಿಕ್ಕಿನಲ್ಲಿ ಗೂಡಿಗೆ ಸೇರಿಸಿ, ಕರವಸ್ತ್ರವನ್ನು ಮೆಲ್ಲನೆ ಕಚ್ಚಿ ಹಿಡಿಯುವಂತೆ ಮಗುವಿಗೆ ಹೇಳಬೇಕು. ಇದು ಸಾಧ್ಯವಾಗದಿದ್ದರೆ ಹಲ್ಲನ್ನು ತಣ್ಣನೆಯ ಹಾಲಿನಲ್ಲಿಟ್ಟು ಕೂಡಲೇ ದಂತವೈದ್ಯರಲ್ಲಿಗೆ ಹೋಗಬೇಕು. ನೀರಿನಲ್ಲಿ ಜೀವಕೋಶಗಳು ಉಬ್ಬಿ ಒಡೆಯುವುದರಿಂದ ಅದರಲ್ಲಿ ಹಲ್ಲನ್ನು ಇಡುವುದು ಸರಿಯಲ್ಲ. ತಡವಾಗಿದ್ದರೂ ಹಲ್ಲನ್ನು ಒಯ್ಯತಕ್ಕದ್ದು. ಮುರಿದ ತುಂಡನ್ನೂ ಜೋಪಾನವಾಗಿ ತೆಗೆದುಕೊಂಡು ಹೋಗಬೇಕು. ಹಲ್ಲು ಸಿಗದಿದ್ದರೆ ಅದು ಶ್ವಾಸನಾಳಕ್ಕೆ ಸೇರಿರಬಹುದು, ವೈದ್ಯರಿಗೆ ತಿಳಿಸಬೇಕು.

ಹಾಲುಹಲ್ಲಾದರೆ

ಕಳಚಿದ ಹಾಲುಹಲ್ಲನ್ನು ಮರಳಿ ಕೂರಿಸಬಾರದು. ಅದರಿಂದ ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಹಾನಿಯಾಗಬಹುದು. ಮುಂಭಾಗದ ಶಾಶ್ವತ ಹಲ್ಲುಗಳು ಸಾಮಾನ್ಯವಾಗಿ 6ರಿಂದ 9 ವರ್ಷಗಳ ನಡುವೆ ಮೂಡುತ್ತವೆ. ಯಾವ ಹಲ್ಲೆಂಬ ಸಂದೇಹವಿದ್ದರೆ ಹಾಲಿನಲ್ಲಿಟ್ಟು ವೈದ್ಯರಿಗೆ ತೋರಿಸಬೇಕು.

ಮುಂದಿನ ಚಿಕಿತ್ಸೆ

ವೈದ್ಯರು ಹಲ್ಲನ್ನು ಪಕ್ಕದ ಹಲ್ಲುಗಳಿಗೆ ತೆಳುತಂತಿಯಿಂದ ಸುಮಾರು ಎರಡು ವಾರ ಬಂಧಿಸುತ್ತಾರೆ. ಬೇರು ಪೂರ್ಣವಾಗಿ ಬೆಳೆದಿದ್ದರೆ ಬೇರುನಾಳದ ಚಿಕಿತ್ಸೆಯೂ ಅಗತ್ಯ. ಧನುರ್ವಾಯು ಚುಚ್ಚುಮದ್ದಿನ ವಿವರವನ್ನು ಅವರಿಗೆ ತಿಳಿಸಬೇಕು. ಎರಡು ವಾರ ಮೆತ್ತನೆಯ ಆಹಾರ ಕೊಟ್ಟು, ಮೃದುವಾದ ಬ್ರಷ್‌ನಿಂದ ಹಲ್ಲುಜ್ಜಿಸಬೇಕು. ಹಾಕಿ, ಬಾಕ್ಸಿಂಗ್ ಮುಂತಾದ ಆಟಗಳಲ್ಲಿ ದಂತರಕ್ಷಕ ಧರಿಸಿದರೆ ಇಂತಹ ಅನೇಕ ಪೆಟ್ಟುಗಳನ್ನು ತಪ್ಪಿಸಬಹುದು.