ಸೈಲೆನ್ಸರಿನೊಳಗೊಂದು ಪ್ರತಿಧ್ವನಿ

ಎರಡು ವರ್ಷದ ಹಿಂದಿನ ಮಾತು. ಸುಗ್ಗಿ ಮುಗಿದು ಎರೆಹೊಲಗಳು ಬಿರುಕು ಬಿಡತೊಡಗಿದ್ದವು. ಒಂದು ಸಂಜೆ ಮುನವಳ್ಳಿಯ ನಮ್ಮ ಮನೆಯ ಕಟ್ಟೆಗೆ ಹಳೆಯ ವಿದ್ಯಾರ್ಥಿಯೊಬ್ಬ ಬಂದು ಕೂತ. ಬಲ ಮುಂಗೈಗೆ ಬ್ಯಾಂಡೇಜು. ಎಡಗೈಯಲ್ಲಿ ರದ್ದಿ ಪೇಪರಿನಲ್ಲಿ ಸುತ್ತಿದ ಗಂಟು. ಬಿಚ್ಚಿದರೆ ಮುಷ್ಟಿಯಷ್ಟು ದೊಡ್ಡ ಪಿಸ್ಟನ್. ಒಂದು ಮಗ್ಗುಲಿನ ಅಲ್ಯುಮಿನಿಯಂ ಕೆರೆದು, ಕರಗಿ, ರಿಂಗುಗಳ ಮೇಲೆಲ್ಲ ಬಳಿದುಕೊಂಡಿತ್ತು.

"ಸರ, ಸವದತ್ತಿ ರಸ್ತಾದಾಗ ಎಪ್ಪತ್ತರ ಸ್ಪೀಡಿನ್ಯಾಗ ಜಾಮ್ ಆತ್ರಿ. ಹಿಂದಿನ ಗಾಲಿ ಗಕ್ಕನ ನಿಂತ್ತು. ಕ್ಲಚ್ ಹಿಡಿಯೂದ್ರಾಗ ನಾ ಡಾಂಬರದ ಮ್ಯಾಲೆ ಇದ್ನಿ" ಎಂದ.

ಇವನು ಹತ್ತನೆಯ ಇಯತ್ತೆಯಲ್ಲಿ ಗಣಿತ, ವಿಜ್ಞಾನ ಎರಡರಲ್ಲೂ ಕುಂತವನು. ಆಮೇಲೆ ಗ್ಯಾರೇಜು ಸೇರಿ, ಈಗ ಸ್ವಂತದ್ದೇ ಒಂದು ಚಿಕ್ಕ ಗ್ಯಾರೇಜು ಹಾಕಿಕೊಂಡಿದ್ದಾನೆ. ಸೋದರಮಾವ ಕೊಟ್ಟ ಹಳೆಯ ಆರ್‌ಎಕ್ಸ್ 100 ಅವನ ಜೀವ. 1996ಕ್ಕೇ ತಯಾರಿಕೆ ನಿಂತುಹೋದ ಈ 98 ಸಿ.ಸಿ. ಗಾಡಿಗೆ ಇಂದಿನ ಹುಡುಗರು ಹೊಸ ಬೈಕಿನ ದುಡ್ಡು ಸುರಿಯುವುದನ್ನು ಓದುಗರು ನೋಡಿರಬಹುದು. ಅದರ ಓಟ ಇನ್ನಷ್ಟು ಹೆಚ್ಚಿಸಬೇಕೆಂದು ಇವನು ಸೈಲೆನ್ಸರನ್ನು ಅರ್ಧಕ್ಕೆ ಕೊಯ್ದಿದ್ದ, ಏರ್ ಫಿಲ್ಟರ್ ಕಿತ್ತಿದ್ದ, ಸಿಲಿಂಡರಿನ ಹೊಗೆಕಿಂಡಿಯನ್ನು ಅರದಿಂದ ಉಜ್ಜಿ ಎರಡು ಮಿಲಿಮೀಟರ್ ಎತ್ತರಿಸಿದ್ದ. ಕಾರ್ಬೋರೇಟರಿನ ಜೆಟ್ ಮಾತ್ರ ಮೊದಲಿನದೇ. ಒಳಗೆ ಹೋಗುವ ಗಾಳಿ ಹೆಚ್ಚಿತು, ಪೆಟ್ರೋಲು ಹೆಚ್ಚಲಿಲ್ಲ. ಇಂಥ ತೆಳು ಮಿಶ್ರಣ ಉರಿದರೆ ಪಿಸ್ಟನ್ ವಿಪರೀತ ಕಾಯುತ್ತದೆ. ಅಲ್ಯುಮಿನಿಯಂ ಬೀಡು ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುವ ಲೋಹ. ಹಿಗ್ಗಿದ ಪಿಸ್ಟನ್ನು ಬೀಡಿನ ಬೋರಿನಲ್ಲಿ ಕಚ್ಚಿ ನಿಂತಿತು.

ಇಷ್ಟನ್ನು ನಾನು ವಿವರಿಸಿದೆ. ಅವನ ಸಂಶಯ ಬೇರೆಯೇ ಇತ್ತು. "ಅದು ಗೊತ್ತಾತ್ರಿ ಸರ. ಆದ್ರ ಜಾಮ್ ಆಗೂಕಿಂತ ಮೊದಲನೂ ಗಾಡಿ ಜೋರ್ ಓಡಲಿಲ್ರಿ. ಆವಾಜ್ ಅಷ್ಟ ಜೋರ್ ಬಂತು. ಯಾಕ್ರಿ?"

ನನಗೆ ತಟ್ಟನೆ ಉತ್ತರ ಹೊಳೆಯಿತು. ಜೊತೆಗೆ ಒಂಬತ್ತನೆಯ ಇಯತ್ತೆಯ ಒಂದು ಉತ್ತರಪತ್ರಿಕೆಯೂ ನೆನಪಾಯಿತು. 'ಪ್ರತಿಧ್ವನಿ ಎಂದರೇನು?' ಎಂಬ ಎರಡು ಅಂಕದ ಪ್ರಶ್ನೆಗೆ ಇವನಿಗೆ ಸೊನ್ನೆ ಹಾಕಿದವನು ನಾನೇ. ಸೈಲೆನ್ಸರಿನೊಳಗೆ ನಡೆಯುವುದು ಅದೇ ಪ್ರತಿಧ್ವನಿ ಎಂದು ಆ ವರ್ಷ ನಾನು ಹೇಳಿರಲಿಲ್ಲ. ಮೂವತ್ತು ವರ್ಷ ಪಾಠ ಮಾಡಿದರೂ ಯಾರಿಗೂ ಹೇಳಿರಲಿಲ್ಲ.

ಟೂ-ಸ್ಟ್ರೋಕ್ ಇಂಜಿನ್ನಿಗೆ ಬಾಗಿಲುಗಳಿಲ್ಲ, ಕಿಂಡಿಗಳಷ್ಟೇ. ಫೋರ್-ಸ್ಟ್ರೋಕಿನಲ್ಲಿ ವಾಲ್ವುಗಳು ತೆರೆದು ಮುಚ್ಚಿ ಹೊಗೆ ಮತ್ತು ಹೊಸ ಮಿಶ್ರಣಕ್ಕೆ ಸರದಿ ಮಾಡಿಕೊಡುತ್ತವೆ. ಇಲ್ಲಿ ಪಿಸ್ಟನ್ನೇ ಕೆಳಗಿಳಿಯುತ್ತ ಮೊದಲು ಹೊಗೆಕಿಂಡಿಯನ್ನೂ, ಸ್ವಲ್ಪ ತಡೆದು ಹೊಸ ಮಿಶ್ರಣದ ಕಿಂಡಿಗಳನ್ನೂ ತೆರೆಯುತ್ತದೆ. ಮೇಲೇರುವಾಗ ತಿರುವುಮುರುವಾಗಿ ಮುಚ್ಚುತ್ತದೆ. ಅಂದರೆ ಕೊನೆಗೆ ಮುಚ್ಚುವುದು ಹೊಗೆಕಿಂಡಿ. ನಮ್ಮ ಕೆಂಪು ಬಸ್ಸು ನೆನಪಿಸಿಕೊಳ್ಳಿ. ಮುಂದಿನ ಬಾಗಿಲಿನಿಂದ ಇಳಿಯುವವರು ಇಳಿಯುತ್ತಿರುವಾಗಲೇ ಹಿಂದಿನ ಬಾಗಿಲಿನಿಂದ ಜನ ನುಗ್ಗುತ್ತಾರೆ. ನೂಕುನುಗ್ಗಲಿನಲ್ಲಿ ಈಗಷ್ಟೇ ಹತ್ತಿದ ಒಂದಿಬ್ಬರು ಮುಂದಿನ ಬಾಗಿಲಿನಿಂದ ಹೊರಬಿದ್ದುಬಿಡುತ್ತಾರೆ. ಟೂ-ಸ್ಟ್ರೋಕ್ ಗಾಡಿ ಪೆಟ್ರೋಲು ಕುಡಿಯುವುದೂ, ಹೊಗೆಯ ನಿಯಮಗಳು ಬಿಗಿಯಾದಂತೆ ಅದು ರಸ್ತೆಯಿಂದ ಮರೆಯಾದದ್ದೂ ಹೀಗೆ ಉರಿಯದೆ ಹೊರಬೀಳುವ ಮಿಶ್ರಣದಿಂದಲೇ. ಹೊರಬಿದ್ದವರನ್ನು ಬಾಗಿಲು ಮುಚ್ಚುವ ಮುನ್ನ ಯಾರಾದರೂ ಮತ್ತೆ ಒಳಕ್ಕೆ ನೂಕಿದರೆ? ಆ ನೂಕುವ ಕೆಲಸ ಮಾಡುವುದೇ ಶಬ್ದದ ಅಲೆ.

ಹೊಗೆಕಿಂಡಿ ತೆರೆದ ಕ್ಷಣ ಒತ್ತಡದ ಅಲೆಯೊಂದು ಪೈಪಿನೊಳಗೆ ಧಾವಿಸುತ್ತದೆ. ಪೈಪು ಶಂಕುವಿನಂತೆ ಅಗಲವಾಗುತ್ತ ಹೋದಲ್ಲಿ ಆ ಅಲೆಯ ಒಂದು ಪಾಲು ಹೀರುವ ಅಲೆಯಾಗಿ ಹಿಂದಿರುಗಿ, ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಎಳೆದುಕೊಳ್ಳುತ್ತದೆ. ಅದರ ಹಿಂದೆಯೇ ಹೊಸ ಮಿಶ್ರಣವನ್ನೂ ಸೆಳೆಯುತ್ತದೆ. ಮುಂದೆ ಪೈಪು ಮತ್ತೆ ಕಿರಿದಾಗುತ್ತದೆ. ಅಲ್ಲಿಗೆ ಬಡಿದ ಅಲೆ ತಳ್ಳುವ ಅಲೆಯಾಗಿಯೇ ಮರಳಿ, ಹೊರಬಿದ್ದ ಮಿಶ್ರಣವನ್ನು ಸಿಲಿಂಡರಿಗೆ ವಾಪಸು ನೂಕುತ್ತದೆ. ಅಷ್ಟರಲ್ಲಿ ಪಿಸ್ಟನ್ ಕಿಂಡಿ ಮುಚ್ಚಬೇಕು. ಒಂದು ಕ್ಷಣ ಮುಂಚೆ ಬಂದರೂ, ತಡವಾಗಿ ಬಂದರೂ ಅಲೆ ಬಂದದ್ದು ವ್ಯರ್ಥ. ನಮ್ಮ ಹುಡುಗ ಕೊಯ್ದು ಎಸೆದದ್ದು ಈ ಕಿರಿದಾಗುವ ಭಾಗವನ್ನೇ. ತಳ್ಳುವವನನ್ನು ಮನೆಗೆ ಕಳಿಸಿ ಬಸ್ಸು ತುಂಬಲಿ ಎಂದು ಕಾದಂತಾಯಿತು.

ಕರ್ನಾಟಕಕ್ಕೆ ಟೂ-ಸ್ಟ್ರೋಕಿನ ನಂಟು ಹಳೆಯದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯನ್ನು ಜಯಚಾಮರಾಜ ಒಡೆಯರು 1961ರಲ್ಲಿ ಉದ್ಘಾಟಿಸಿದರು. ಅಲ್ಲಿ ಮೊದಲು ಜಾವಾ, ಎಪ್ಪತ್ತರ ದಶಕದಿಂದ ಯೆಜ್ಡಿ ತಯಾರಾಗಿ 1996ರವರೆಗೆ ನಡೆದವು. ನಾನು ಫಟಫಟಿ ಕಲಿತದ್ದು ಸಹೋದ್ಯೋಗಿಯೊಬ್ಬರ ಯೆಜ್ಡಿಯ ಮೇಲೆ. ಕಿಕ್ ಹೊಡೆಯುವ ಹಿಡಿಯನ್ನೇ ಮುಂದಕ್ಕೆ ಮಡಚಿ ಗೇರ್ ಹಾಕಬೇಕಿದ್ದ ಆ ವಿಚಿತ್ರವನ್ನು ಇಂದಿನ ಮಕ್ಕಳು ನಂಬುವುದಿಲ್ಲ. ಅದೇ ಮೈಸೂರಿನಲ್ಲಿ ರೇಸ್ ಓಡಿಸುತ್ತ, ಇಂಜಿನ್ ತಿದ್ದುತ್ತ ಬೆಳೆದವರು ಸೋಮೇಂದರ್ ಸಿಂಗ್. ಸಿಲಿಂಡರ್ ಹೆಡ್ಡಿನ ಒಳಮೈಯಲ್ಲಿ ತೆಳುವಾದ ಗೀರುಗಳನ್ನು ಕೊರೆದರೆ ಮಿಶ್ರಣ ಹೆಚ್ಚು ಕದಡಿ ಚೆನ್ನಾಗಿ ಉರಿಯುತ್ತದೆ ಎಂಬುದು ಅವರ ವಾದ. 2001ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ದೊರೆಯಿತು. ಅಲ್ಲಿನ ವಿಜ್ಞಾನ ಪತ್ರಿಕೆಗಳೂ ಬರೆದವು. ದೊಡ್ಡ ಕಂಪನಿಗಳು ಮಾತ್ರ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ವಾದ ಎಷ್ಟು ಸರಿ ಎಂಬುದು ಬೇರೆ ಮಾತು. ಗ್ಯಾರೇಜಿನಲ್ಲಿ ಕೂತವನೊಬ್ಬ ತನ್ನ ಅನುಮಾನವನ್ನು ಅಷ್ಟು ದೂರ ಒಯ್ದನಲ್ಲ, ಅದು ನನಗೆ ಮೆಚ್ಚುಗೆ.

ಪೈಪಿನ ವಿದ್ಯೆ ಪಳಗಿದ್ದು ಮಾತ್ರ, ಜಾವಾದ ತವರಾದ ಚೆಕೊಸ್ಲೊವಾಕಿಯಾದ ಪಕ್ಕದ ದೇಶ ಪೂರ್ವ ಜರ್ಮನಿಯಲ್ಲಿ. ಅಲ್ಲಿನ ಎಂಝಡ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರ್ ಇದ್ದರು. ದುಡ್ಡಿಲ್ಲ, ಒಳ್ಳೆಯ ಲೋಹವಿಲ್ಲ. ಇದ್ದುದು ಪೈಪಿನೊಳಗಿನ ಅಲೆಗಳನ್ನು ಕಣ್ಣಿಗೆ ಕಾಣಿಸಲು ಒಂದು ಆಸಿಲೋಸ್ಕೋಪು, ಮತ್ತು ಹಟ. 1961ರ ಹೊತ್ತಿಗೆ ಅವರ 125 ಸಿ.ಸಿ. ಇಂಜಿನ್ ನಿಮಿಷಕ್ಕೆ 10,800 ಸುತ್ತಿನಲ್ಲಿ 25 ಅಶ್ವಶಕ್ತಿ ಕೊಟ್ಟಿತು. ಲೀಟರ್ ಲೆಕ್ಕದಲ್ಲಿ 200. ಗಾಳಿಯನ್ನು ಪಂಪಿನಿಂದ ತುರುಕದೆ ಯಾವ ಇಂಜಿನ್ನೂ ಅಲ್ಲಿಯವರೆಗೆ ಅಷ್ಟು ಕೊಟ್ಟಿರಲಿಲ್ಲ. ಹೋಲಿಕೆಗೆ ನೋಡಿ: ಹಳೆಯ ಜಾವಾ 250ರದು ಸುಮಾರು 12 ಅಶ್ವಶಕ್ತಿ, ಲೀಟರಿಗೆ ಐವತ್ತರೊಳಗೆ, ಆರ್‌ಎಕ್ಸ್ 100ರದು 11, ಲೀಟರಿಗೆ 110ರ ಮೇಲೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಾಡೆನ್ನರ ರೇಸುಗಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿನಿಂದ ಹಾಗೇ ಪಶ್ಚಿಮಕ್ಕೆ ಪಲಾಯನ ಮಾಡಿ, ಕಲಿತ ಗುಟ್ಟನ್ನೆಲ್ಲ ಜಪಾನಿನ ಸುಜುಕಿಗೆ ಒಯ್ದ. ಮರುವರ್ಷವೇ 50 ಸಿ.ಸಿ. ವಿಶ್ವ ಚಾಂಪಿಯನ್ ಆದ. ಜಪಾನೀಯರು ಆ ವಿದ್ಯೆಯನ್ನು ಬೆಳೆಸಿದರು. 1985ರಲ್ಲಿ ನಮ್ಮಲ್ಲಿಗೆ ಬಂದ ಆರ್‌ಎಕ್ಸ್ 100ರ ಸೈಲೆನ್ಸರಿನೊಳಗೂ ಅದೇ ಶಂಕುಗಳಿವೆ. ಸವದತ್ತಿ ರಸ್ತೆಯ ಹುಡುಗ ಗರಗಸದಿಂದ ಕೊಯ್ದದ್ದು ಈ ಇತಿಹಾಸವನ್ನು ಎಂದಾಗ ಅವನು ನಾಲಿಗೆ ಕಚ್ಚಿಕೊಂಡ.

"ಹಂಗಾರ ನಾವ ಒಂದು ಪೈಪ್ ಮಾಡೂಣು ಬರ್ರಿ ಸರ" ಎಂದ.

ಲೆಕ್ಕ ಕಷ್ಟವಿಲ್ಲ. 8,500 ಸುತ್ತಿಗೆ ಪೈಪು ಹೊಂದಬೇಕೆಂದುಕೊಳ್ಳೋಣ. ಹೊಗೆಕಿಂಡಿ ತೆರೆದಿರುವುದು ಸುಮಾರು ಅರ್ಧ ಸುತ್ತು, 180 ಡಿಗ್ರಿ. ಆ ವೇಗದಲ್ಲಿ ಅರ್ಧ ಸುತ್ತಿಗೆ ಹಿಡಿಯುವುದು 3.53 ಮಿಲಿಸೆಕೆಂಡ್. ಶಬ್ದದ ವೇಗ ಪಠ್ಯಪುಸ್ತಕದಲ್ಲಿ ಸೆಕೆಂಡಿಗೆ 344 ಮೀಟರ್. ಆದರೆ ಅದು 22 ಡಿಗ್ರಿ ಸೆಲ್ಸಿಯಸ್ಸಿನ ಗಾಳಿಯಲ್ಲಿ. ಬಿಸಿ ಹೆಚ್ಚಿದಂತೆ ವೇಗ ಹೆಚ್ಚುತ್ತದೆ. 350 ಡಿಗ್ರಿಯ ಹೊಗೆಯಲ್ಲಿ ಅದು ಸುಮಾರು 500. ಅಂದರೆ 3.53 ಮಿಲಿಸೆಕೆಂಡಿನಲ್ಲಿ ಅಲೆ ಹೋಗಿ ಬರುವ ದಾರಿ 1.76 ಮೀಟರ್. ಅದರ ಅರ್ಧ 88 ಸೆಂಟಿಮೀಟರ್. ಪಿಸ್ಟನ್ನಿನಿಂದ ಕಿರಿದಾಗುವ ಶಂಕುವಿನ ನಡುಭಾಗದವರೆಗೆ ಇಷ್ಟು ಉದ್ದ ಇರಬೇಕು. ಹೆಚ್ಚು ಸುತ್ತು ಬೇಕಾದರೆ ಪೈಪು ಗಿಡ್ಡವಾಗಬೇಕು, ಕಡಿಮೆ ಸುತ್ತಿಗೆ ಉದ್ದವಾಗಬೇಕು. ಕೊಳಲಿನ ನಿಯಮವೇ.

ಕಿಂಡಿಯ ಬಗ್ಗೆಯೂ ಒಂದು ಮಾತು. 50 ಮಿ.ಮೀ. ಸ್ಟ್ರೋಕಿನ ಈ ಇಂಜಿನ್ನಿನಲ್ಲಿ ಹೊಗೆಕಿಂಡಿಯನ್ನು ಒಂದೇ ಒಂದು ಮಿ.ಮೀ. ಎತ್ತರಿಸಿದರೆ ಅದು ತೆರೆದಿರುವ ಅವಧಿ ನಾಲ್ಕೈದು ಡಿಗ್ರಿ ಹೆಚ್ಚುತ್ತದೆ. ಇವನು ಅಂದಾಜಿನ ಮೇಲೆ ಎರಡು ಮಿ.ಮೀ. ಉಜ್ಜಿದ್ದ! ಉಜ್ಜಿದ ಬೀಡು ಮರಳಿ ಬರುವುದಿಲ್ಲ. ಹಳೆಯ ಬ್ಲಾಕು ಗುಜರಿಗೆ ಹೋಗಿ, ಧಾರವಾಡದಿಂದ ಬೇರೊಂದು ಬಂತು. ಅದನ್ನು ಅರದಿಂದ ಮುಟ್ಟುವುದಿಲ್ಲ ಎಂದು ಮೊದಲೇ ಕರಾರು ಮಾಡಿಸಿಕೊಂಡೆ.

ಶಂಕುವನ್ನು ತಗಡಿನಲ್ಲಿ ಮಾಡುವುದು ಹೇಗೆ? ಬಿಡಿಸಿ ಹಾಸಿದರೆ ಶಂಕು ಒಂದು ತ್ರಿಜ್ಯಾಂತರ ಖಂಡ. ಹತ್ತನೆಯ ಇಯತ್ತೆಯ ಗಣಿತದಲ್ಲಿ 'ಶಂಕುವಿನ ಭಿನ್ನಕ' ಎಂಬ ಪಾಠವಿತ್ತು. ಇವನಿಗೆ ಆಗ ಅರ್ಥವಾಗಿರಲಿಲ್ಲ. ನಮ್ಮ ಕಟ್ಟೆಯ ಮೇಲೆ ರಟ್ಟಿನಲ್ಲಿ ಕತ್ತರಿಸಿ, ಸುತ್ತಿ, ಅಂಟಿಸಿ ನೋಡಿದ. ಮೊದಲ ಎರಡು ಸೊಟ್ಟಗಾದವು. ಮೂರನೆಯದು ಕೂತಿತು. ಅದರ ಅಳತೆಗೆ ತಗಡು ಕತ್ತರಿಸಿ, ಕಬ್ಬಿಣದ ಕೊಳವೆಯ ಮೇಲೆ ಬಡಿದು ಸುತ್ತಿ, ಗ್ಯಾಸ್ ವೆಲ್ಡಿಂಗ್ ಹಾಕಿದ. ಬ್ಯಾಂಡೇಜು ಬಿಚ್ಚಿ ಹದಿನೈದು ದಿನವೂ ಆಗಿರಲಿಲ್ಲ. ಬೆಸುಗೆ ಮಾತ್ರ ನನ್ನ ಕೈಬರಹಕ್ಕಿಂತ ಅಂದವಾಗಿತ್ತು. ಈ ಸಲ ಜೆಟ್ಟನ್ನು ಮೊದಲು ದೊಡ್ಡದೇ ಹಾಕಿ, ಪ್ಲಗ್ಗಿನ ಬಣ್ಣ ನೋಡುತ್ತ ಒಂದೊಂದೇ ನಂಬರು ಇಳಿಸಿದೆವು. ಪ್ಲಗ್ಗು ಬೆಳ್ಳಗಾದರೆ ಅಪಾಯ, ಚಹದ ಬಣ್ಣ ಬಂದರೆ ಸರಿ. ಇದು ಅವನಿಗೆ ಗೊತ್ತಿತ್ತು, ನನಗೆ ಹೊಸದು.

ಸೈಲೆನ್ಸರ್ ಬದಲಿಸಿ ರಸ್ತೆಯಲ್ಲಿ ಗದ್ದಲ ಮಾಡುವುದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ ಹತ್ತು ಸಾವಿರ ರೂಪಾಯಿವರೆಗೆ ದಂಡ, ಸೆರೆವಾಸವೂ ಆಗಬಹುದು. ಮೇಷ್ಟ್ರಾಗಿ ನಾನು ಅದಕ್ಕೆ ಒಪ್ಪುವಂತಿರಲಿಲ್ಲ. ಆದ್ದರಿಂದ ಪರೀಕ್ಷೆ ಅವರ ಹೊಲದ ಬಂಡಿದಾರಿಯಲ್ಲಿ, ತಲೆಗೆ ಹೆಲ್ಮೆಟ್ಟು ಹಾಕಿಸಿ. ಸುತ್ತು ಅಳೆಯುವ ಮೀಟರು ನಮ್ಮಲ್ಲಿರಲಿಲ್ಲ. ಆದರೆ ಟೂ-ಸ್ಟ್ರೋಕಿನಲ್ಲಿ ಸುತ್ತಿಗೊಂದು ಸ್ಫೋಟ. ಮೊಬೈಲಿನಲ್ಲಿ ಶಬ್ದದ ಆವೃತ್ತಿ ತೋರಿಸುವ ಆ್ಯಪ್ ಹಾಕಿ, ಬಂದ ಹರ್ಟ್ಸನ್ನು 60ರಿಂದ ಗುಣಿಸಿದರೆ ನಿಮಿಷದ ಸುತ್ತು ಸಿಕ್ಕಿತು. ಫೋನು ಅವನ ಅಂಗಿಯ ಕಿಸೆಯಲ್ಲಿ, ನಾನು ಬದುವಿನ ಮೇಲೆ.

ಮೊದಮೊದಲು ಗಾಡಿ ಗೊರಗೊರ ಎನ್ನುತ್ತ ಎಮ್ಮೆಯ ಹಾಗೆ ನಡೆಯಿತು. ನನಗೆ ನಾಚಿಕೆಯಾಯಿತು. ಆಮೇಲೆ ಒಮ್ಮೆಲೆ ದನಿ ಬದಲಾಗಿ, ಮುಂದಿನ ಗಾಲಿ ಹಗುರಾಗಿ, ಧೂಳಿನ ಗೋಡೆಯೊಂದನ್ನು ಬಿಟ್ಟು ಹೋಗಿಬಿಟ್ಟ. ಬೇವಿನ ಮರದ ಹತ್ತಿರ ನಿಂತು ಅವನು ಕೂಗಿದ್ದು ನನಗೆ ಕೇಳಿಸಲಿಲ್ಲ.

ಫೋನಿನ ದಾಖಲೆ ನೋಡಿದರೆ ಎಳೆತ ಶುರುವಾದದ್ದು 115 ಹರ್ಟ್ಸಿನಲ್ಲಿ, ಅಂದರೆ 6,900 ಸುತ್ತು. ಉಚ್ಚಾಂಕ 135ರ ಆಸುಪಾಸು, 8,100. ನಾವು ಲೆಕ್ಕ ಹಾಕಿದ್ದು 8,500. ತಪ್ಪೆಲ್ಲಿ? ಅವನೇ ಪೆನ್ನು ತೆಗೆದುಕೊಂಡ. 8,100ಕ್ಕೆ ಅರ್ಧ ಸುತ್ತು 3.70 ಮಿಲಿಸೆಕೆಂಡ್, 1.76 ಮೀಟರನ್ನು ಅದರಿಂದ ಭಾಗಿಸಿದರೆ ಶಬ್ದದ ವೇಗ 475. ನಾವು 500 ಹಿಡಿದಿದ್ದೆವು. ಹಾಗಾದರೆ ಹೊಗೆ ನಾವು ಅಂದುಕೊಂಡ 350 ಡಿಗ್ರಿ ಇರಲಿಲ್ಲ, 290ರ ಹತ್ತಿರ ಇತ್ತು. ಸಣ್ಣ ಸಣ್ಣ ಓಟಗಳಲ್ಲಿ ಪೈಪು ಪೂರಾ ಕಾಯ್ದಿರಲಿಲ್ಲ. ಸ್ಥೂಲ ಲೆಕ್ಕ, ನಿಜ. ಆದರೂ ಥರ್ಮಾಮೀಟರಿಲ್ಲದೆ, ಕಿವಿಯಿಂದ ಹೊಗೆಯ ಬಿಸಿ ಅಳೆದ ಹುಡುಗನಿಗೆ ನಾನು ಹಿಂದೆ ಸೊನ್ನೆ ಕೊಟ್ಟಿದ್ದೆ.

ಪೈಪು ಬಹಳ ದಿನ ಗಾಡಿಯ ಮೇಲೆ ಉಳಿಯಲಿಲ್ಲ. ಅವರ ತಂದೆ ಅದೇ ಗಾಡಿಯ ಮೇಲೆ ಬೆಳಿಗ್ಗೆ ಎರಡು ಕ್ಯಾನು ಹಾಲು ಡೇರಿಗೆ ಒಯ್ಯುತ್ತಾರೆ. "ಮಾಸ್ತರ, ಈ ಪುಂಗಿ ಹಾಕಿದ ಮ್ಯಾಲೆ ಗಾಡಿ ಏರಿ ಹತ್ತವಲ್ದು. ಹಾಲು ಅಲ್ಲೇ ಮಸರ ಆಗೂಹಂಗ ಐತಿ" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಅವರು ಹೇಳಿದ್ದು ಸರಿ. ಅಲೆ ಹೊಂದುವುದು ಒಂದು ವೇಗಕ್ಕೆ. ಉಳಿದ ವೇಗಗಳಲ್ಲಿ ಅದೇ ಅಲೆ ಅಡ್ಡಗಾಲು ಹಾಕುತ್ತದೆ. ಕಂಪನಿಯ ಸೈಲೆನ್ಸರು ಸಾಧಾರಣ ಎನಿಸುವುದು ಅದು ಹಾಲಿನ ಕ್ಯಾನಿಗೂ ಹೊಂದಬೇಕಾದ್ದರಿಂದ. ಹಳೆ ಸೈಲೆನ್ಸರೊಂದನ್ನು ಹುಡುಕಿ ತಂದು ಕೂರಿಸಿದ. ನಮ್ಮ ಪೈಪು ಈಗ ಶಾಲೆಯ ಪ್ರಯೋಗಾಲಯದ ಗೋಡೆಯಲ್ಲಿ ತೂಗುತ್ತಿದೆ. ಪ್ರತಿಧ್ವನಿಯ ಪಾಠದ ದಿನ ಕೆಳಗಿಳಿಸುತ್ತೇನೆ.

ಗ್ಯಾರೇಜಿಗೆ ಈಗ ಹೆಚ್ಚಾಗಿ ಬರುವುದು ಕಳೆ ಕೊಯ್ಯುವ ಯಂತ್ರಗಳು, ಔಷಧಿ ಸಿಂಪಡಿಸುವ ಯಂತ್ರಗಳು. ಇವುಗಳಲ್ಲಿ ಅನೇಕವು ಟೂ-ಸ್ಟ್ರೋಕೇ. ಕಂಪನಿ ಲೀಟರಿಗೆ 20 ಮಿಲಿಲೀಟರ್ ಆಯಿಲ್ ಬೆರೆಸಿ ಎಂದಿದ್ದರೆ ಬರೀ ಪೆಟ್ರೋಲು ಹಾಕಿ ಓಡಿಸಿ, ಜಾಮ್ ಆದ ಮೇಲೆ ತರುತ್ತಾರೆ. ಇವನು ಪಿಸ್ಟನ್ ಹೊರತೆಗೆದು, ಗೀರು ಯಾವ ಮಗ್ಗುಲಿಗಿದೆ ಎಂದು ನೋಡಿ ಬೈಯುತ್ತಾನೆ.

ಹೋದ ತಿಂಗಳು ಅತ್ತ ಹೋದಾಗ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಏನೋ ಗೀಚಿದ್ದು ಕಂಡಿತು. ಹತ್ತಿರ ಹೋಗಿ ಓದಿದೆ. 7,000 ಸುತ್ತು, 4.29 ಮಿಲಿಸೆಕೆಂಡ್, 475 ಮೀಟರ್. ಕೆಳಗೆ ಎರಡು ಗೆರೆ ಎಳೆದು, "ಹಾಲಿಗೆ: 102 ಸೆಂ.ಮೀ." ಎಂದು ಬರೆದಿದ್ದ. ಪಕ್ಕದಲ್ಲಿ ರಟ್ಟಿನ ಶಂಕು ಒಂದು ಒಣಗಲು ಇಟ್ಟಿತ್ತು.